ಶಾರ್ಜಾದಲ್ಲಿ ನಿಂತಲ್ಲೇ ಕೆಟ್ಟ ಕಾರು

ವಸಂತಪುರದಿಂದ ಹೊರಟಿದ್ದು

"ದುಬೈಗೆ ಹೋಗಿ ಬಂದ್ರಂತೆ, ಹೇಗಿತ್ತು ಅಕ್ಕ?" ಎಂದು ಮಕ್ಕಳನ್ನು ಹತ್ತಿಸಲು ಬಂದ ತಾಯಂದಿರು ನನ್ನ ಸ್ಕೂಲ್ ವ್ಯಾನಿನ ಕಿಟಕಿಗೆ ಬಗ್ಗಿ ಕೇಳುತ್ತಾರೆ. ನಾನು ಹೋಗಿದ್ದು ದುಬೈಗಲ್ಲ, ಪಕ್ಕದ ಶಾರ್ಜಾಕ್ಕೆ. ಆದರೆ ನಮ್ಮ ಕಡೆಯವರಿಗೆ ಸಮುದ್ರದಾಚೆ ಇರುವುದೆಲ್ಲ ದುಬೈಯೇ. ಎತ್ತರದ ಕಟ್ಟಡವನ್ನು ದೂರದಿಂದ ನೋಡಿದೆ, ಖರ್ಜೂರ ತಂದಿದ್ದೀನಿ ತಗೊಳ್ಳಿ ಎಂದು ಹೇಳಿ ಗೇರ್ ಹಾಕುತ್ತೇನೆ. ಅಷ್ಟರಲ್ಲಿ ಹಿಂದಿನ ಗಾಡಿಯವನು ಹಾರ್ನ್ ಹೊಡೆಯುತ್ತಿರುತ್ತಾನೆ.

ಅವರಿಗೆ ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಓದಿದ್ದು ಏಳನೇ ಕ್ಲಾಸಿನವರೆಗೆ, ಬರವಣಿಗೆಯಲ್ಲಿ ತಪ್ಪಿದ್ದರೆ ತಿದ್ದಿಕೊಳ್ಳಿ. ಆ ಊರಲ್ಲಿ ನನ್ನ ತಮ್ಮನಿಗೆ ನಾನೊಂದು ಅನ್ಯಾಯ ಮಾಡಿದೆ. ಅದನ್ನು ಬಿಟ್ಟು ಬರೀ ಕಟ್ಟಡ, ಮರಳು ಎಂದು ಬರೆದರೆ ಆ ಊರಿನ ಅನ್ನ ತಿಂದದ್ದಕ್ಕೆ ಮರ್ಯಾದೆ ಇರುವುದಿಲ್ಲ.

ತಮ್ಮನ ಹೆಸರು ಮಂಜುನಾಥ, ನಮಗೆಲ್ಲ ಮಂಜ. ಬೆಂಗಳೂರಿನ ನಮ್ಮ ಬನಶಂಕರಿಯಲ್ಲಿ ಗ್ಯಾರೇಜ್ ಕೆಲಸ ಕಲಿತು, ಶಾರ್ಜಾದ ಗ್ಯಾರೇಜೊಂದಕ್ಕೆ ಹೋದವನು. ಕ್ರಿಸ್‌ಮಸ್ ರಜೆಯಲ್ಲಿ ವ್ಯಾನ್ ನಿಂತಿರುತ್ತದಲ್ಲ, ಬಾ ಎಂದು ಟಿಕೆಟ್ ಕಳಿಸಿದ. ನನಗೆ ಅದು ಮೊದಲ ವಿಮಾನ. ಹೊರಡುವ ಹಿಂದಿನ ದಿನ ಅವನು ಫೋನ್ ಮಾಡಿ, "ಅಕ್ಕ, ಗಸಗಸೆ ಮಾತ್ರ ತರ್ಬೇಡ, ಇಲ್ಲಿ ಅದು ಅಫೀಮಿನ ಲೆಕ್ಕ, ಒಳಗೆ ಹಾಕ್ತಾರೆ" ಎಂದ. ಪಾಯಸಕ್ಕೆ ಅಂತ ಕಟ್ಟಿದ್ದ ಗಸಗಸೆಯನ್ನು ತೆಗೆದಿಟ್ಟೆ. ಆದರೂ ಭಯ ಹೋಗಲಿಲ್ಲ. ಅಲ್ಲಿ ಇಳಿದಾಗ ಒಬ್ಬ ಅಧಿಕಾರಿ ನನ್ನ ಕುಂಕುಮದ ಪೊಟ್ಟಣ ತೆಗೆದು ಮೂಸಿದರು. ನಾನು ಹಣೆ ಮುಟ್ಟಿ ತೋರಿಸಿದೆ. ಅವರು ನಕ್ಕು, ಪೊಟ್ಟಣದ ಬಾಯನ್ನು ಮೊದಲಿಗಿಂತ ಚೆನ್ನಾಗಿ ಮಡಚಿ ವಾಪಸ್ ಕೊಟ್ಟರು. ಆ ಊರಿನ ಮೊದಲ ಉಪಕಾರ ಅದು.

ಶಾರ್ಜಾ: ಹಾರ್ನ್ ಹೊಡೆದರೆ ಚಹಾ

ಹೊರಗೆ ಮಂಜ ಕಾಯುತ್ತಿದ್ದ. ಪಕ್ಕದ ಸೀಟೆಂದು ಕಾರಿನ ಎಡಗಡೆ ಹತ್ತಿದೆ, ಕೂತದ್ದು ಡ್ರೈವರ್ ಸೀಟಿನಲ್ಲಿ. ಅಲ್ಲಿ ಸ್ಟಿಯರಿಂಗ್ ಎಡಗಡೆ. "ಬಂದ ತಕ್ಷಣ ಡ್ಯೂಟಿಗೆ ಹತ್ತಿದ್ಯಾ?" ಎಂದು ಅವನು ನಕ್ಕ.

ಇಲ್ಲಿ ಹಾರ್ನ್ ಎಂದರೆ ಬೈಗುಳ. ಅಲ್ಲಿ ಚಹಾ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಮೆಲ್ಲಗೆ ಒಂದು ಹಾರ್ನ್ ಹೊಡೆದರೆ ಸಾಕು, ಅಂಗಡಿಯವರು ಏಲಕ್ಕಿ ಹಾಕಿದ ಗಟ್ಟಿ ಚಹಾ ಹಿಡಿದು ಕಾರಿನ ಬಳಿಗೇ ಬರುತ್ತಾರೆ. ನನಗೆ ನಾಚಿಕೆಯಾಯಿತು. "ಲೋ, ದೊಡ್ಡ ಸಾಹುಕಾರನ ಥರ ಕೂತಿದೀಯಲ್ಲೋ, ಇಳಿದು ಹೋಗಿ ತಗೊಂಡ್ ಬಾ" ಎಂದೆ. "ಇಳಿದ್ ಹೋದ್ರೆ ಅವ್ರಿಗೇ ಬೇಜಾರು ಅಕ್ಕ" ಎಂದ. ಚಹಾ ತಂದ ಮಲಯಾಳಿ ನನ್ನ ಹಣೆಯ ಕುಂಕುಮ ನೋಡಿ, ನಮ್ಮ ಕನ್ನಡ ಕೇಳಿ "ಬೆಂಗಳೂರಾ?" ಎಂದು ಕೇಳಿ, ಒಂದು ಬನ್ನು ಜಾಸ್ತಿ ಇಟ್ಟು ಹೋದರು.

ರಸ್ತೆ ದಾಟುವುದು ಇನ್ನೊಂದು ಪಾಡು. ನಾನು ಬಿಳಿ ಪಟ್ಟಿಯ ಹತ್ತಿರ ನಿಂತರೆ ಕಾರುಗಳು ನಿಲ್ಲುತ್ತಿದ್ದವು. ಅವು ಹೋಗಲಿ ಎಂದು ನಾನೂ ನಿಲ್ಲುತ್ತಿದ್ದೆ. ನಾನು ಕೈ ಬೀಸಿ ಹೋಗಿ ಎನ್ನುವುದು, ಅವರು ಕೈ ಬೀಸಿ ನೀವು ಹೋಗಿ ಎನ್ನುವುದು. ಉತ್ತರಹಳ್ಳಿ ಸರ್ಕಲ್ಲಿನಲ್ಲಿ ಬೆಳೆದ ಕಾಲಿಗೆ ಆ ಮರ್ಯಾದೆ ಒಗ್ಗಲು ವಾರ ಹಿಡಿಯಿತು.

ಮಂಜನ ಗ್ಯಾರೇಜಿನ ಮಾಲೀಕರು ಭಟ್ಕಳದವರು, ಇಲ್ಯಾಸ್ ಭಾಯ್. ಕನ್ನಡ ಮಾತಾಡುತ್ತಿದ್ದರು. "ಊಟ ಆಯ್ತಾ ಅಕ್ಕ?" ಎಂದು ಕೇಳದೆ ಒಂದು ದಿನವೂ ಬಿಟ್ಟವರಲ್ಲ. ಗ್ಯಾರೇಜಿನ ಮಧ್ಯದಲ್ಲಿ ಎರಡೇ ಸೀಟಿನ ನೀಲಿ ಸ್ಪೋರ್ಟ್ಸ್ ಕಾರೊಂದು ನಿಂತಿತ್ತು. ಕೂತರೆ ನೆಲದ ಮೇಲೆ ಚಾಪೆ ಹಾಕಿ ಕೂತ ಹಾಗೆ. ಅದು ಎಂಜಿನ್ ಒಡೆದು ಮೂಲೆಗೆ ಬಿದ್ದಿದ್ದ ಹಳೆಯ ಕಾರು. ಇಲ್ಯಾಸ್ ಭಾಯ್ ತಂದು ಹಾಕಿದ್ದರು. ಅಲ್ಲಿಯವರೆಗೆ ಬ್ರೇಕ್, ಆಯಿಲ್ ಬದಲಾಯಿಸುವ ಕೆಲಸವಷ್ಟೇ ಮಾಡುತ್ತಿದ್ದ ಮಂಜ, ಡ್ಯೂಟಿ ಮುಗಿದ ಮೇಲೆ ಒಂದೊಂದೇ ಭಾಗ ಜೋಡಿಸಿ ಆ ಎಂಜಿನ್ನನ್ನು ಹೊಸದಾಗಿ ಕಟ್ಟಿದ್ದ. ಅದು ಅವನು ಕಟ್ಟಿದ ಮೊದಲ ಎಂಜಿನ್. ಕೊಳ್ಳುವವರಿಗೆ ಒಪ್ಪಿಗೆಯಾದರೆ ಇನ್ನು ಮುಂದೆ ಗ್ಯಾರೇಜಿನ ಎಂಜಿನ್ ಕೆಲಸವೆಲ್ಲ ಇವನದೇ ಎಂದು ಇಲ್ಯಾಸ್ ಭಾಯ್ ಮಾತು ಕೊಟ್ಟಿದ್ದರು.

ಕೊಳ್ಳಲು ಬಂದವರು ಆ ಊರಿನವರೇ, ಸಲ್ಮಾ ಮೇಡಂ. ನನ್ನ ವಯಸ್ಸಿನವರು, ಕಪ್ಪು ಬುರ್ಖಾ, ಕಾಲಲ್ಲಿ ಓಟದ ಬೂಟು. ಹಿಂದಿ ಚೆನ್ನಾಗಿ ಬರುತ್ತಿತ್ತು. ಕಾರನ್ನು ಒಂದು ಸುತ್ತು ಬಂದು ಮಂಜನನ್ನು ಕೇಳಿದರು: "ನಾನು ಮೆತ್ತಗೆ ಓಡಿಸುವವಳಲ್ಲ. ಜೋರಾಗಿ ಓಡಿಸಿದರೆ ಎಂಜಿನ್ ಹಾಳಾಗುತ್ತಾ?"

"ಇಲ್ಲ ಮೇಡಂ. ಓಡಕ್ಕೇ ಮಾಡಿರೋ ಎಂಜಿನ್ ಇದು" ಎಂದ ಮಂಜ.

ನಾನು ಸುಮ್ಮನಿರಬೇಕಿತ್ತು. ಮೂವತ್ತು ಮಕ್ಕಳನ್ನು ದಿನಾ ಹೊತ್ತು ತರುವವಳು ನಾನು, ನಲವತ್ತು ಕಿಲೋಮೀಟರ್ ವೇಗ ದಾಟಿದವಳಲ್ಲ. ನನ್ನ ವ್ಯಾನ್ ಇಷ್ಟು ವರ್ಷ ಬಾಳಿರುವುದು ಅದರಿಂದಲೇ ಎಂದು ನಂಬಿದವಳು. ನನ್ನ ಬಸ್‌ಸ್ಟ್ಯಾಂಡ್ ಹಿಂದಿಯಲ್ಲಿ ಬಾಯಿ ಹಾಕಿದೆ: "ಮೇಡಂ, ಎತ್ತಾದ್ರೂ ಅಷ್ಟೇ, ಎಂಜಿನ್ ಆದ್ರೂ ಅಷ್ಟೇ. ಹೊಡೆದು ಓಡಿಸಿದ್ರೆ ಬೇಗ ಸಾಯತ್ತೆ."

ಮಂಜನ ಮುಖ ಕೆಂಪಾಯಿತು. ಸಲ್ಮಾ ಮೇಡಂ ಇಬ್ಬರನ್ನೂ ನೋಡಿ ನಕ್ಕರು. "ಅಕ್ಕತಮ್ಮ ಮೊದಲು ತೀರ್ಮಾನ ಮಾಡಿಕೊಳ್ಳಿ. ನಾಡಿದ್ದು ಬೆಳಿಗ್ಗೆ ನಾನೇ ಓಡಿಸಿ ನೋಡುತ್ತೇನೆ" ಎಂದು ಹೊರಟರು.

ಬೆಟ್ಟದ ರಸ್ತೆ

ಮಾರನೆಯ ದಿನ ಮಂಜ ನನ್ನನ್ನು ಅದೇ ಕಾರಿನಲ್ಲಿ ಕೂರಿಸಿಕೊಂಡು ರಾಸ್ ಅಲ್ ಖೈಮಾ ಕಡೆಯ ಬೆಟ್ಟಕ್ಕೆ ಹೊರಟ. ಮಾಲೀಕರೇ ಕಳಿಸಿದ್ದು, ಏರುದಾರಿಯಲ್ಲಿ ಎಂಜಿನ್ ಹೇಗಿದೆ ನೋಡಿಕೊಂಡು ಬಾ ಎಂದು. ನನ್ನ ಬಾಯಿ ಮುಚ್ಚಿಸುವುದು ಅವನ ಆಸೆ.

ಮೊದಮೊದಲು ಎಷ್ಟು ನಿಧಾನ ಓಡಿಸಿದ ಎಂದರೆ ನಾನೇ ಕೆಣಕಿದೆ. "ಇಷ್ಟೇನಾ ನಿನ್ನ ಸ್ಪೋರ್ಟ್ಸ್ ಕಾರು? ನನ್ನ ವ್ಯಾನೇ ವಾಸಿ."

"ಇರೇ ಅಕ್ಕ. ಆಯಿಲ್ ಬಿಸಿ ಆಗ್ಲಿ. ಅಲ್ಲೀವರ್ಗೂ ಇದನ್ನ ಮುಟ್ಟಿದ್ರೆ ಪಾಪ."

ಅವನು ಹೇಳಿದ್ದು ನನ್ನ ಕಿವಿಗೆ ಬಿತ್ತು. ನಾನು ಕಿಟಕಿಯಾಚೆ ಕಲ್ಲುಗುಡ್ಡದ ಮೇಲೆ ನಿಂತ ಮೇಕೆಗಳನ್ನು ನೋಡುತ್ತಿದ್ದೆ. ಒಂದು ಹುಲ್ಲುಕಡ್ಡಿಯೂ ಇಲ್ಲದ ಬೆಟ್ಟದಲ್ಲಿ ಅವು ಏನು ತಿನ್ನುತ್ತವೋ ಎಂಬ ಯೋಚನೆಯಲ್ಲಿ ಆ ಮಾತು ಹಾಗೇ ಜಾರಿ ಹೋಯಿತು.

ಆಮೇಲೆ ಏರು ಶುರುವಾಯಿತು. ಮಂಜ ಒಂದು ಗೇರ್ ಇಳಿಸಿ ಕಾಲು ಒತ್ತಿದ. ನನ್ನ ಬೆನ್ನು ಸೀಟಿಗೆ ಅಂಟಿಕೊಂಡಿತು. ಎಂಜಿನ್ ಎಷ್ಟು ಜೋರಾಗಿ ತಿರುಗುತ್ತಿದೆ ಎಂದು ತೋರಿಸುವ ಮುಳ್ಳು ಕೆಂಪು ಗೆರೆಯವರೆಗೆ ಹೋಗಿ ಬರುವುದು, ತಿರುವು, ಮತ್ತೆ ಮೇಲೆ. "ಬನಶಂಕರಮ್ಮಾ!" ಎಂದು ನಾನು ಕೂಗಿದ್ದು ಆ ಬೆಟ್ಟದಲ್ಲಿ ಇನ್ನೂ ಸುತ್ತುತ್ತಿರಬೇಕು. "ಲೋ ಮಂಜ, ಎಂಜಿನ್ ಅಳ್ತಿದೆ ಕಣೋ!" "ಅಳ್ತಿಲ್ಲ ಅಕ್ಕ, ಹಾಡ್ತಿದೆ!" ಎಂದು ಅವನು.

ಕೂಗುತ್ತ ಕೂಗುತ್ತ ನನಗೆ ನಗು ಬಂತು. ಅವನು ಗೇರ್ ಬದಲಿಸುವ ಕೈ ನೋಡಿದೆ. ವ್ಯಾನಿನಲ್ಲಿ ನನ್ನ ತೊಡೆಯ ಪಕ್ಕ ಕೂರಿಸಿ ಅವನಿಗೆ ಗೇರ್ ಹಾಕಲು ಕಲಿಸಿದವಳು ನಾನು. ಆ ಕೈ ಈಗ ನನ್ನದಕ್ಕಿಂತ ಎಷ್ಟೋ ಮುಂದೆ ಹೋಗಿತ್ತು. ಅದಕ್ಕೆ ಸಂತೋಷ ಪಡಬೇಕಿತ್ತು. ಪಟ್ಟೆ ಕೂಡ. ಜೊತೆಗೆ ಸಣ್ಣದೊಂದು ಹೊಟ್ಟೆಕಿಚ್ಚೂ ಇತ್ತು ಎಂದು ಈಗ ಗೊತ್ತಾಗುತ್ತದೆ.

ಮೇಲೆ ತಲುಪಿದಾಗ ಎಂಜಿನ್ ಆರಿಸದೆ ಸ್ವಲ್ಪ ಹೊತ್ತು ಹಾಗೇ ಬಿಟ್ಟ. ಆಮೇಲೆ ಆರಿಸಿ, ಬಾನೆಟ್ ಎತ್ತಿ ಒಂದೊಂದೇ ಜಾಗ ತೋರಿಸಿದ. ಸೋರಿಕೆ ಇಲ್ಲ, ಹೊಗೆ ಇಲ್ಲ. "ಏನಾಗಿದೆ ಹೇಳು ನೋಡೋಣ?"

"ಇವತ್ತು ಆಗಿಲ್ಲ. ನಾಳೆ ಗೊತ್ತಾಗತ್ತೆ" ಎಂದೆ. ಸೋಲಲು ಮನಸ್ಸಿರಲಿಲ್ಲ.

ಬಿಲ್ಡಿಂಗಿನ ಕೆಳಗೆ, ಬೆಳಿಗ್ಗೆ

ಸಲ್ಮಾ ಮೇಡಂ ಮನೆ ಮಂಜ ವಾಸವಿದ್ದ ಬಿಲ್ಡಿಂಗಿಗೇ ಹತ್ತಿರ. ಅದಕ್ಕೆ ಮಂಜ ಕಾರನ್ನು ಗ್ಯಾರೇಜಿಗೆ ಒಯ್ಯದೆ ಕೆಳಗೆ ನಿಲ್ಲಿಸಿದ್ದ. ಬೆಳಿಗ್ಗೆ ಎದ್ದು ಪಠಾಣರ ರೊಟ್ಟಿ ಅಂಗಡಿಯ ಒಲೆಯಿಂದ ಬಿಸಿ ರೊಟ್ಟಿ ತರಲು ಹೋದ. ಆ ರೊಟ್ಟಿ ನಮ್ಮ ಕಡೆಯ ಮೊರದಷ್ಟು ಅಗಲ, ಹಳೆ ಪೇಪರಿನಲ್ಲಿ ಸುತ್ತಿ ಕೊಡುತ್ತಾರೆ.

ಅವನು ಅತ್ತ ಹೋದ ಮೇಲೆ ನನಗೊಂದು ಯೋಚನೆ ಬಂತು. ತಮ್ಮನ ಮೊದಲ ಎಂಜಿನ್, ಕೊಳ್ಳುವವರು ಬರುವ ಹೊತ್ತು, ಒಂದು ಪೂಜೆಯೂ ಇಲ್ಲವಲ್ಲ. ಕುಂಕುಮ, ಊದುಕಡ್ಡಿ, ಫ್ರಿಡ್ಜಿನಲ್ಲಿದ್ದ ನಿಂಬೆಹಣ್ಣು, ಮೊಳೆಗೆ ನೇತುಹಾಕಿದ್ದ ಕೀ ಎಲ್ಲ ಹಿಡಿದು ಕೆಳಗಿಳಿದೆ. ಬಾನೆಟ್ಟಿಗೆ ಬೊಟ್ಟಿಟ್ಟೆ, ಊದುಕಡ್ಡಿ ಬೆಳಗಿದೆ.

ಅಲ್ಲಿಗೆ ನಿಲ್ಲಿಸಿದ್ದರೆ ಸರಿ ಇತ್ತು. ವಸಂತಪುರದಲ್ಲಿ ನನ್ನದೊಂದು ಪದ್ಧತಿ ಇದೆ. ಹಾರ್ನ್ ಹೊಡೆದರೆ ಎದುರು ಮನೆಯ ಅಜ್ಜನಿಗೆ ಆಗುವುದಿಲ್ಲ. ಅದಕ್ಕೆ ವ್ಯಾನಿಗೆ ಊದುಕಡ್ಡಿ ಬೆಳಗಿ, ಸ್ಟಾರ್ಟ್ ಮಾಡಿ, ನಿಂತಲ್ಲೇ ಮೂರು ಸಲ ಆಕ್ಸಿಲರೇಟರ್ ಬಲವಾಗಿ ತುಳಿದು ರೇಸ್ ಮಾಡುತ್ತೇನೆ. ಗಾಡಿಯೂ ಬಿಸಿಯಾಯಿತು, ಸದ್ದು ಕೇಳಿ ಬೀದಿಯ ಮಕ್ಕಳು ಶೂ ಹಾಕಿಕೊಂಡೂ ಆಯಿತು. ನಮ್ಮಲ್ಲಿ ಹಳೆ ಡ್ರೈವರುಗಳೆಲ್ಲ ಹೀಗೇ ಮಾಡುವುದು. ನನಗೆ ಕಲಿಸಿದವರೂ ಹೀಗೇ ಕಲಿಸಿದ್ದು.

ಈ ಸಲ ಸರಿಯಾದ ಬಾಗಿಲಿನಿಂದಲೇ ಹತ್ತಿದೆ. ಕೀ ತಿರುಗಿಸಿದೆ. ಮೇಡಂ ಬರುವಷ್ಟರಲ್ಲಿ ಬಿಸಿಯಾಗಿರಲಿ ಎಂದು ತುಳಿದೆ. ನನ್ನ ವ್ಯಾನಿನ ಎಂಜಿನ್ ತುಳಿದರೆ ಗೊಣಗಿಕೊಂಡು ಏಳುತ್ತದೆ. ಇದು ಹಾವು ಎದ್ದ ಹಾಗೆ ಎದ್ದಿತು. ಮುಳ್ಳು ಸರ್ರೆಂದು ಕೆಂಪಿಗೆ ಹೋಯಿತು. ಎರಡನೇ ಸಲ. ಮೂರನೇ ಸಲ ಕಾಲು ತೆಗೆಯುವಾಗ, ಸದ್ದು ಇಳಿಯುತ್ತ ಇಳಿಯುತ್ತ, ಒಳಗೆಲ್ಲೋ ಒಂದು ಸಣ್ಣ ಟಕ್ ಟಕ್.

ನಾನು ಡ್ರೈವರ್. ಆ ಸದ್ದು ಅಲ್ಲಿ ಇರಬಾರದು ಎಂದು ನನಗೆ ಗೊತ್ತಾಯಿತು. ಕೀ ತಿರುಗಿಸಿ ಆರಿಸಿದೆ. ಮೇಲೆ ಹೋಗಿ ಕೀಯನ್ನು ಮೊಳೆಗೆ ಹಾಕಿದೆ. ಮಂಜ ರೊಟ್ಟಿ ತಂದ. ಕಿಟಕಿಯಿಂದ ಬಗ್ಗಿ ನೋಡಿ, "ಪೂಜೆ ಮಾಡಿದ್ಯಾ ಅಕ್ಕ?" ಎಂದು ಕೇಳಿದ. ಅವನ ಕಣ್ಣು ತುಂಬಿತ್ತು. "ಹೂಂ" ಎಂದೆ. ಉಳಿದದ್ದು ಹೇಳಲಿಲ್ಲ.

ಸಲ್ಮಾ ಮೇಡಂ ಬಂದರು. ನಿಂಬೆಹಣ್ಣಿನ ಮೇಲೆ ಕಾರು ಹತ್ತಿಸಲು ಖುಷಿಯಿಂದ ಒಪ್ಪಿದರು. ಪಕ್ಕದಲ್ಲಿ ಮಂಜ ಕೂತ. ಕಾರು ನಿಧಾನವಾಗಿ ಬೀದಿಯ ತುದಿಯವರೆಗೆ ಹೋಗಿ ನಿಂತುಬಿಟ್ಟಿತು. ನಾನು ಚಪ್ಪಲಿ ಇಲ್ಲದೆ ಓಡಿದೆ. ಮಂಜ ಆ ಟಕ್ ಟಕ್ ಕೇಳಿದ ಕೂಡಲೇ ಪಕ್ಕದ ಸೀಟಿನಿಂದಲೇ ಕೀ ತಿರುಗಿಸಿ ಎಂಜಿನ್ ಆರಿಸಿಬಿಟ್ಟಿದ್ದ. ಕಾರಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ತಲೆ ಹಿಡಿದುಕೊಂಡಿದ್ದ.

"ಅಕ್ಕ, ನೀನು ಹೇಳಿದ್ದೇ ನಿಜ ಆಯ್ತು. ನಿನ್ನೆ ಬೆಟ್ಟದಲ್ಲಿ ಹಾಗೆ ಓಡಿಸ್ಬಾರ್ದಿತ್ತು."

ಆಗ ಬಾಯಿ ಬಿಡಬಹುದಿತ್ತು. ಬಿಟ್ಟೆ ಕೂಡ. ಬಂದ ಮಾತು ಇದು: "ನಾನು ಹೇಳಿರ್ಲಿಲ್ವಾ?"

ಎಂಜಿನ್ ಕೆಡಿಸಿದ್ದು ಗೊತ್ತಿಲ್ಲದೆ ಮಾಡಿದ ತಪ್ಪು. ಈ ಮಾತು ಗೊತ್ತಿದ್ದೇ ಆಡಿದ್ದು. ನಾನು ಅನ್ಯಾಯ ಎಂದದ್ದು ಇದನ್ನು.

ಗ್ಯಾರೇಜು

ಕಾರನ್ನು ಎಳೆದು ತಂದರು. ಮಂಜ ಎಂಜಿನ್ ಇಳಿಸಿ ಬಿಚ್ಚತೊಡಗಿದ. ನಾನು ದಿನಾ ಅನ್ನ ಸಾರು ಕಟ್ಟಿಕೊಂಡು ಗ್ಯಾರೇಜಿಗೆ ಹೋಗುತ್ತಿದ್ದೆ. ಅವನು ಎರಡು ತುತ್ತು ತಿಂದು ಡಬ್ಬಿ ಮುಚ್ಚುತ್ತಿದ್ದ. ಒಂದು ಸಂಜೆ ಸಮುದ್ರದ ದಂಡೆಗೆ ಕರೆದುಕೊಂಡು ಹೋದ. ಅಲ್ಲಿ ಯಾವ ದೇಶದವರೋ ಒಂದು ಸಂಸಾರ ಚಾಪೆ ಹಾಸಿ ಕೂತಿತ್ತು. ನಮ್ಮನ್ನು ಕಂಡು, ಗುರುತು ಪರಿಚಯ ಇಲ್ಲದಿದ್ದರೂ, ಕರೆದು ಖರ್ಜೂರ ಕೊಟ್ಟರು. ಮಂಜ ಬೀಜವನ್ನು ಬಾಯಲ್ಲೇ ಇಟ್ಟುಕೊಂಡು ನೀರು ನೋಡುತ್ತ ಕೂತಿದ್ದ. ನನ್ನ ಪಾಲಿನ ಖರ್ಜೂರವನ್ನು ನಾನು ಸೆರಗಿಗೆ ಕಟ್ಟಿಕೊಂಡೆ.

ಮಾರನೆಯ ದಿನ ನಾನು ಡಬ್ಬಿ ಹಿಡಿದು ಬಾಗಿಲಿಗೆ ಬರುವಾಗ ಅವನು ಇಲ್ಯಾಸ್ ಭಾಯ್ ಹತ್ತಿರ ಮಾತಾಡುತ್ತಿದ್ದ.

"ಭಾಯ್, ಎಲ್ಲಾ ಅಳತೆ ಮತ್ತೆ ನೋಡ್ದೆ. ಎಲ್ಲಿ ತಪ್ಪು ಮಾಡಿದೀನಿ ಅಂತ ಗೊತ್ತಾಗ್ತಿಲ್ಲ. ತಪ್ಪು ಗೊತ್ತಾಗ್ದೇ ಇರೋನು ಎಂಜಿನ್ ಮುಟ್ಬಾರ್ದು. ನಾನು ಬ್ರೇಕ್ ಕೆಲಸಾನೇ ಮಾಡ್ಕೊಂಡ್ ಇರ್ತೀನಿ."

"ಎಂತ ಮಾರಾಯ, ಒಂದು ಎಂಜಿನಿಗೆ ಹೀಗೆ ಹೇಳುದಾ?" ಎಂದರು ಅವರು. ಆದರೆ ದನಿಯಲ್ಲಿ ಬಲವಿರಲಿಲ್ಲ.

ನಾನು ಡಬ್ಬಿ ಕೆಳಗಿಟ್ಟೆ. "ಮಂಜ, ಅವತ್ತು ಬೆಳಿಗ್ಗೆ ಪೂಜೆ ಮಾಡಿ ಗಾಡಿ ಸ್ಟಾರ್ಟ್ ಮಾಡ್ದೆ ಕಣೋ. ರೇಸ್ ಮಾಡ್ದೆ."

ಅವನು ತಿರುಗಿದ. "ಎಷ್ಟು?"

"ಕೆಂಪು ಗೆರೆವರ್ಗೂ. ಮೂರು ಸಲ. ಮೂರ್ನೇ ಸಲ ಟಕ್ ಅಂತು. ಆರಿಸ್ಬಿಟ್ಟು ಮೇಲೆ ಬಂದೆ."

"ತಣ್ಣಗಿರೋವಾಗ?"

"ಹೂಂ."

"ಮೇಡಂ ಬರೋಕ್ ಮುಂಚೇನೇ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

ಅವನು ಸವೆದ ಬೇರಿಂಗನ್ನು ಕೈಗೆತ್ತಿಕೊಂಡ. ಬಳೆಯ ಚೂರಿನಂಥ ತೆಳುವಾದ ತಗಡು. ಬೆಳಕಿಗೆ ಹಿಡಿದು ಮಗ್ಗುಲು ಬದಲಿಸಿ ಬದಲಿಸಿ ನೋಡಿದ. ಬೈಯುತ್ತಾನೆ ಎಂದು ಕಾದೆ. ಅವನು ಅಲ್ಲೇ ಟೈರಿನ ಮೇಲೆ ಕೂತು ಅಳಲು ಶುರು ಮಾಡಿದ.

"ಹಾಗಾದ್ರೆ ನಾನು ಕಟ್ಟಿದ್ದು ಸರಿ ಇತ್ತು ಭಾಯ್. ಸರಿ ಇತ್ತು."

ಇಲ್ಯಾಸ್ ಭಾಯ್ ಅವನ ಭುಜ ಹಿಡಿದುಕೊಂಡು ನನ್ನನ್ನು ನೋಡಿದರು. "ಎಂತ ಅಕ್ಕ ನೀವು," ಎಂದರು, ಆಮೇಲೆ, "ಊಟ ಆಯ್ತಾ?"

ಆ ಮನುಷ್ಯನ ಆ ಪ್ರಶ್ನೆಗೆ ನಾನು ಇಡೀ ಜನ್ಮ ಋಣಿ.

ಬೈಗುಳ ಸಂಜೆ ಬಂತು, ಮನೆಯಲ್ಲಿ. "ಎಂಜಿನ್ ಹೋದ್ರೆ ಹೋಗ್ಲಿ. 'ಹೇಳಿರ್ಲಿಲ್ವಾ' ಅಂದ್ಯಲ್ಲ, ಹೇಗೆ ಬಾಯಿ ಬಂತು ನಿಂಗೆ?" ಎಂದ. "ಗೆಲ್ಬೇಕಿತ್ತು ಕಣೋ, ಅಷ್ಟೇ" ಎಂದೆ. ಅವನು ಆ ರಾತ್ರಿ ಚಾಪೆಯನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಮಲಗಿದ. ಬೆಳಿಗ್ಗೆ ರೊಟ್ಟಿ ತಂದು, ಮುರಿದು, ದೊಡ್ಡ ಭಾಗವನ್ನು ನನ್ನ ತಟ್ಟೆಗೆ ಹಾಕಿದ. ಆಮೇಲೆ ಪಾಠ ಹೇಳಿದ: ರಾತ್ರಿಯೆಲ್ಲ ನಿಂತ ಎಂಜಿನ್‌ನಲ್ಲಿ ಆಯಿಲ್ ಕೆಳಗೆ ಇಳಿದಿರುತ್ತದೆ, ಇದಕ್ಕೆ ಹಾಕಿದ್ದು ಗಟ್ಟಿ ಆಯಿಲ್, ತಣ್ಣಗಿದ್ದಾಗ ಜೇನಿನ ಹಾಗೆ. ಅದು ಮೇಲೇರಿ ಬೇರಿಂಗಿಗೆ ಸೇರುವ ಮೊದಲೇ ತುಳಿದರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತದೆ. ಹೊಸದಾಗಿ ಕಟ್ಟಿದ್ದಕ್ಕಂತೂ ಅದು ವಿಷ. "ಬೆಟ್ಟದಲ್ಲಿ ಒಂದ್ ಗಂಟೆ ಓಡಿದ್ದಕ್ಕೆ ಏನೂ ಆಗ್ಲಿಲ್ಲ. ನೀನು ನಿಂತಲ್ಲೇ ಒಂದ್ ನಿಮಿಷ ತುಳಿದಿದ್ದಕ್ಕೆ ಹಾಳಾಯ್ತು."

"ಮತ್ತೆ ನನ್ನ ವ್ಯಾನು?"

"ಅದು ಎಮ್ಮೆ ಅಕ್ಕ. ಪಾಪ, ತಡ್ಕೊಂಡಿದೆ. ಊರಿಗೆ ಹೋಗಿ ಅದ್ರ ಕಾಲಿಗೆ ಬೀಳು."

ಬೇಗ ಆರಿಸಿದ್ದರಿಂದ ಒಳಗಿನ ದೊಡ್ಡ ಭಾಗಕ್ಕೆ ಪೆಟ್ಟಾಗಿರಲಿಲ್ಲ. ಬೇರಿಂಗ್ ಹೊಸದು ಹಾಕಿದರೆ ಸಾಕಿತ್ತು. ಅವನು ಕೂರಿಸುವಾಗ ನಾನು ಟಾರ್ಚ್ ಹಿಡಿದುಕೊಂಡು ನಿಂತೆ. ಸಲ್ಮಾ ಮೇಡಂಗೆ ಇಲ್ಯಾಸ್ ಭಾಯ್ ಫೋನಿನಲ್ಲಿ ಎಲ್ಲ ಹೇಳಿದರು. ಆಕೆ ನಕ್ಕ ಸದ್ದು ಫೋನಿನಿಂದ ನನಗೂ ಕೇಳಿಸಿತು. ಅವನ ಅಕ್ಕ ದೃಷ್ಟಿ ತೆಗೆದಿದ್ದಾಳೆ ಬಿಡಿ, ಕಾಯುತ್ತೇನೆ ಎಂದರಂತೆ.

ಹೊರಡುವ ಹಿಂದಿನ ದಿನ

ಮೇಡಂ ಬಂದಾಗ ಕಾರು ಗ್ಯಾರೇಜಿನ ಹೊರಗೆ ತೊಳೆದು ನಿಂತಿತ್ತು. ಸೀಟಿನಲ್ಲಿ ಕೂತು, ಬಾಗಿಲು ತೆರೆದಿಟ್ಟೇ, ಮೊದಲಿನ ಪ್ರಶ್ನೆಯನ್ನೇ ಕೇಳಿದರು: "ಈಗ ಹೇಳಿ. ಜೋರಾಗಿ ಓಡಿಸಿದರೆ ಹಾಳಾಗುತ್ತಾ?"

ಮಂಜ ಕೈ ಒರೆಸಿಕೊಳ್ಳುತ್ತ, "ನಮ್ಮಕ್ಕನ್ನ ಕೇಳಿ ಮೇಡಂ" ಎಂದ.

ಎಲ್ಲರೂ ನನ್ನ ಕಡೆ ನೋಡಿದರು. ನನ್ನ ಹಿಂದಿ ಎಲ್ಲ ಒಟ್ಟುಗೂಡಿಸಿಕೊಂಡು ಹೇಳಿದೆ: "ಓಡಿಸಿ ಮೇಡಂ, ಹೆದರ್ಬೇಡಿ. ಅದು ಎದ್ದ ತಕ್ಷಣ ಮಾತ್ರ ಕೂಗಿಸ್ಬೇಡಿ. ಮೊದಲು ಮೆತ್ತಗೆ ಕರ್ಕೊಂಡ್ ಹೋಗಿ, ಆಮೇಲೆ ನಿಮ್ಮಿಷ್ಟ. ವಾಪಸ್ ಬಂದ್ಮೇಲೆ ಸ್ವಲ್ಪ ಉಸಿರು ಬಿಡಕ್ಕೆ ಬಿಡಿ."

ಆಕೆ ತಲೆಯಾಡಿಸಿ ಹೊರಟರು. ಆ ಬೀದಿಗಳನ್ನೆಲ್ಲ ಮದುವೆ ಮೆರವಣಿಗೆಯಷ್ಟು ನಿಧಾನವಾಗಿ ಸುತ್ತಿ, ಬಹಳ ಹೊತ್ತಿನ ಮೇಲೆ ಗ್ಯಾರೇಜಿನ ಹಿಂದಿನ ಹೆದ್ದಾರಿಗೆ ಏರಿದರು. ನಾವಿಬ್ಬರೂ ಬೇಲಿಯ ಹತ್ತಿರ ನಿಂತಿದ್ದೆವು. ದೂರದಲ್ಲಿ ಎಂಜಿನ್ ಒಮ್ಮೆಲೇ ಎದ್ದ ಸದ್ದು ಬಂತು. ಮಂಜ ಕಣ್ಣು ಮುಚ್ಚಿ ಕಿವಿ ಕೊಟ್ಟ. "ಎರಡು," ಎಂದು ಗೇರ್ ಎಣಿಸಿದ. "ಮೂರು... ನಾಲ್ಕು." ಸದ್ದು ತೆಳ್ಳಗಾಗುತ್ತ ಹೋಗಿ ಲಾರಿಗಳ ಸದ್ದಿನಲ್ಲಿ ಸೇರಿಹೋಯಿತು.

"ಅಕ್ಕ, ಏನಾದ್ರೂ ಕೇಳಿಸ್ತಾ ನಿಂಗೆ?"

"ಏನೂ ಇಲ್ಲ ಕಣೋ. ಕ್ಲೀನಾಗಿದೆ."

"ನಿಜ ಹೇಳು."

"ನಿಜಾನೇ ಹೇಳ್ತಿದೀನಿ."

ಅವನು ಕಣ್ಣು ಬಿಟ್ಟು ನನ್ನ ಮುಖ ನೋಡಿದ. ನಂಬಿದ.